ಎರಡು ಡ್ಯಾಕ್, ಒಂದು ಮಲ್ಟಿಮೀಟರ್, ಹದಿನಾರು ಸುತ್ತು: ಮನೆಯ ಹೈಫೈಗೆ ಡ್ಯಾಕ್ ಹೋಲಿಸುವ ಬಗೆ

ಮೊಬೈಲ್ ಫೋನೋ ಸ್ಟ್ರೀಮರೋ (ಇಂಟರ್ನೆಟ್ಟಿನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆ) ಕಳಿಸುವ ಅಂಕಿಗಳನ್ನು ಸ್ಪೀಕರ್ ನಡೆಸುವ ಆಂಪ್‌ಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಪೆಟ್ಟಿಗೆ ಡ್ಯಾಕ್. ಎರಡು ಡ್ಯಾಕ್ ತಂದು ಒಂದರ ಕೇಬಲ್ ಕಿತ್ತು ಇನ್ನೊಂದಕ್ಕೆ ಚುಚ್ಚಿ ಕೇಳಿದರೆ ವ್ಯತ್ಯಾಸ ಕೇಳಿಸಿಯೇ ಕೇಳಿಸುತ್ತದೆ. ಒಂದರಲ್ಲಿ ತಂಬೂರಿ ಹತ್ತಿರ ಬಂದಂತೆ, ಇನ್ನೊಂದರಲ್ಲಿ ಸ್ವಲ್ಪ ಮಂಕಾದಂತೆ. ಬಹುಪಾಲು ಇದಕ್ಕೆ ಕಾರಣ ಒಳಗಿನ ಚಿಪ್ ಅಲ್ಲ. ಒಂದು ಡ್ಯಾಕ್ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಜೋರಾಗಿರುತ್ತದೆ, ಅಷ್ಟೇ. ಅರ್ಧ ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಅದು 'ಜೋರು' ಅನಿಸುವುದಿಲ್ಲ, 'ಚೆನ್ನಾಗಿದೆ' ಅನಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಮಟ್ಟ ಸರಿಹೊಂದಿಸುವುದಕ್ಕೇ ಹೋಗುತ್ತದೆ.

ಕೊಳ್ಳುವ ಮೊದಲು ಸ್ಪೆಕ್ ಶೀಟಿನಲ್ಲಿ ನೋಡುವುದು

ಚಿಪ್ ಹೆಸರಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅಮೆರಿಕದ ಇಎಸ್‌ಎಸ್, ಸಿರಸ್ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬರ್-ಬ್ರೌನ್, ಜಪಾನಿನ ಎಕೆಎಂ: ಮಾರುಕಟ್ಟೆಯ ಬಹುಪಾಲು ಡ್ಯಾಕ್‌ಗಳ ಒಳಗೆ ಇವುಗಳಲ್ಲೊಂದು ಇರುತ್ತದೆ. 2020ರ ಅಕ್ಟೋಬರಿನಲ್ಲಿ ಎಕೆಎಂನ ನೋಬೆಓಕಾ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಷ್ಟೋ ಕಂಪನಿಗಳು ಅದೇ ಮಾದರಿಗೆ ಇಎಸ್‌ಎಸ್ ಚಿಪ್ ಹಾಕಿ ಮಾರಿದವು. ಸರ್ಕ್ಯೂಟ್ ಸರಿಯಾಗಿ ಕಟ್ಟಿದ್ದರೆ ಚಿಪ್ ಬದಲಾದದ್ದು ಕೇಳುಗನ ಗಮನಕ್ಕೆ ಬರುವುದು ಕಷ್ಟ.

ಸಿನಾಡ್ ಎಂಬ ಅಂಕಿಯ ಸುತ್ತಲೂ ಭಾರಿ ಪೈಪೋಟಿಯಿದೆ. ಸಂಗೀತಕ್ಕೆ ಹೋಲಿಸಿದರೆ ಡ್ಯಾಕ್ ತನ್ನದೇ ಗದ್ದಲ, ವಿಕೃತಿಯನ್ನು ಎಷ್ಟು ಕೆಳಗೆ ಇಟ್ಟಿದೆ ಎಂಬ ಲೆಕ್ಕ ಅದು. ಒಂದು 105 ಡೆಸಿಬೆಲ್, ಇನ್ನೊಂದು 120 ಎಂದು ಬರೆದಿದ್ದರೆ ಎರಡನೆಯದು ಎಂಜಿನಿಯರಿಂಗಿನಲ್ಲಿ ಮೇಲು, ನಿಜ. ಆದರೆ 16 ಬಿಟ್ ಸಿಡಿಯ ವ್ಯಾಪ್ತಿಯೇ ಸುಮಾರು 96 ಡೆಸಿಬೆಲ್. ಹಳೆಯ ಮೈಫಿಲ್‌ಗಳ ಟೇಪಿನ 'ಸ್ಸ್' ಸದ್ದು ಸಂಗೀತಕ್ಕಿಂತ 60–70 ಡೆಸಿಬೆಲ್ ಕೆಳಗೆ ಇರುವುದೇ ಹೆಚ್ಚು. ಅದರ ಮೇಲೆ ನಿಮ್ಮ ಕೋಣೆಯ ಫ್ಯಾನು, ಕೆಳಗಿನ ರಸ್ತೆಯ ರಿಕ್ಷಾ. ಸಿನಾಡ್ 100 ದಾಟಿದ್ದರೆ ಆ ಸಾಲನ್ನು ಬಿಟ್ಟು ಮುಂದಕ್ಕೆ ಓದಿ.

ಮುಂದಕ್ಕೆ ಓದಬೇಕಾದ್ದು ಇವು. ಔಟ್‌ಪುಟ್ ಮಟ್ಟ: ಆರ್‌ಸಿಎಯಲ್ಲಿ (ಮಾಮೂಲಿ ಒಂಟಿ ಪಿನ್ನಿನ ಆಡಿಯೋ ಸಾಕೆಟ್) ಸಾಮಾನ್ಯವಾಗಿ 2 ವೋಲ್ಟ್, ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್ನಿನ ದೊಡ್ಡ ಸಾಕೆಟ್) 4 ವೋಲ್ಟ್. ಒಂದು ಡ್ಯಾಕನ್ನು ಎಕ್ಸ್‌ಎಲ್‌ಆರ್‌ನಲ್ಲೂ ಇನ್ನೊಂದನ್ನು ಆರ್‌ಸಿಎಯಲ್ಲೂ ಹಚ್ಚಿ ಹೋಲಿಸುವವರಿದ್ದಾರೆ. ಡ್ಯಾಕ್‌ನಿಂದಲೇ 6 ಡೆಸಿಬೆಲ್ ಅಂತರ ಬಂದಾಯಿತು, ಹೋಲಿಕೆ ಅಲ್ಲಿಗೆ ಮುಗಿಯಿತು. ಇನ್‌ಪುಟ್‌ಗಳು: ಯುಎಸ್‌ಬಿ ಒಂದೇ ಇದೆಯೋ, ಆಪ್ಟಿಕಲ್ (ಅಂಕಿಗಳನ್ನು ಬೆಳಕಾಗಿ ಒಯ್ಯುವುದು) ಮತ್ತು ಕೋಆಕ್ಸಿಯಲ್ (ತಾಮ್ರದ ತಂತಿಯಲ್ಲಿ ಒಯ್ಯುವುದು) ಇವೆಯೋ. ರಿಮೋಟ್ ಇದೆಯೇ. ವಾಲ್ಯೂಮ್ ಡ್ಯಾಕ್‌ನಲ್ಲೇ ತಗ್ಗಿಸಬಹುದೇ, ಎಷ್ಟು ಡೆಸಿಬೆಲ್ ಹೆಜ್ಜೆಯಲ್ಲಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗಿ ಹಳೆಯ ಇನ್‌ಪುಟ್ಟಿಗೇ ಮರಳುತ್ತದೆಯೇ. ದಿನಾ ಅನುಭವಕ್ಕೆ ಬರುವ ವ್ಯತ್ಯಾಸಗಳು ಇವೇ.

ಆರ್-ಟೂ-ಆರ್ ಡ್ಯಾಕ್‌ಗಳ ಬಗ್ಗೆ ಒಂದು ಮಾತು. ಸಾಲು ರೆಸಿಸ್ಟರ್‌ಗಳಿಂದ ವೋಲ್ಟೇಜ್ ಕಟ್ಟುವ ಈ ಬಗೆಯಲ್ಲಿ ಕೆಲವಕ್ಕೆ 'ನಾಸ್' ಎಂಬ ಮೋಡ್ ಇರುತ್ತದೆ, ಅಂದರೆ ಓವರ್‌ಸ್ಯಾಂಪ್ಲಿಂಗ್ (ಅಂಕಿಗಳ ನಡುವೆ ಹೆಚ್ಚುವರಿ ಅಂಕಿಗಳನ್ನು ಲೆಕ್ಕ ಹಾಕಿ ತುಂಬುವುದು) ಇಲ್ಲ. ಆ ಮೋಡಿನಲ್ಲಿ 44.1 ಕಿಲೋಹರ್ಟ್ಸ್ ಫೈಲು (ಸಿಡಿಯಂತೆ ಸೆಕೆಂಡಿಗೆ 44,100 ಸ್ಯಾಂಪಲ್ ಇರುವುದು) ಹಾಕಿದರೆ 20 ಕಿಲೋಹರ್ಟ್ಸ್ ಹತ್ತಿರ ಸುಮಾರು 3 ಡೆಸಿಬೆಲ್ ಇಳಿತ ಗಣಿತದಿಂದಲೇ ಬರುತ್ತದೆ. 'ಮೃದುವಾದ, ಅನಲಾಗ್‌ನಂಥ ಧ್ವನಿ' ಎಂದು ಹೊಗಳುವುದು ಬಹಳ ಸಲ ಈ ಇಳಿತವನ್ನೇ. ಇಷ್ಟವಾದರೆ ತಪ್ಪಿಲ್ಲ; ಟ್ರೆಬಲ್ ನಾಬನ್ನು ಒಂದು ಕೂದಲು ಹಿಂದಕ್ಕೆ ತಿರುಗಿಸಿದರೂ ಹೆಚ್ಚು ಕಡಿಮೆ ಅಲ್ಲಿಗೇ ಹೋಗಬಹುದು ಎಂಬುದು ನೆನಪಿರಲಿ.

ಮೂರನೆಯ ಸ್ಪರ್ಧಿ ಮನೆಯಲ್ಲೇ ಇದೆ

ಸ್ಟ್ರೀಮರ್ ಇದ್ದರೆ ಅದರೊಳಗೂ ಒಂದು ಡ್ಯಾಕ್ ಇರುತ್ತದೆ. ವಿಮ್ ಪ್ರೋ ಎಂಬ ಸ್ಟ್ರೀಮರ್ (ಪಾತ್ರೆ ತೊಳೆಯುವುದಲ್ಲ) ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5121 ಇದೆ, ಪ್ರೋ ಪ್ಲಸ್‌ನಲ್ಲಿ ಎಕೆಎಂನ ಎಕೆ4493. ಹೊಸ ಡ್ಯಾಕ್ ಇವುಗಳಿಗಿಂತ ಮೇಲು ಎಂದು ನಿಮ್ಮ ಕಿವಿಯೇ ಹೇಳದಿದ್ದರೆ ಖರ್ಚೇ ಬೇಡ. ಆದ್ದರಿಂದ ಹೊಸತನ್ನು ಮೊದಲು ಸ್ಟ್ರೀಮರಿನ ಅನಲಾಗ್ ಔಟ್‌ಪುಟ್ ಜೊತೆ ಹೋಲಿಸಿ. ಎರಡು ಹೊಸ ಡ್ಯಾಕ್‌ಗಳ ಕಾಳಗ ಆಮೇಲೆ.

ಬೇಕಾದ ಸಾಮಾನು

ಎರಡು ಲೈನ್ ಇನ್‌ಪುಟ್ ಇರುವ ಆಂಪ್ (ಮೂರಿದ್ದರೆ ಇನ್ನೂ ಒಳ್ಳೆಯದು), ಒಂದೇ ಬಗೆಯ ಎರಡು ಜೊತೆ ಆರ್‌ಸಿಎ ಕೇಬಲ್, ಒಂದು ಮೀಟರಿನ ಮೂರು ಆಪ್ಟಿಕಲ್ ಕೇಬಲ್, ಆಪ್ಟಿಕಲ್ ಸ್ಪ್ಲಿಟರ್, ಮಲ್ಟಿಮೀಟರ್, ಒಂದು ನಾಣ್ಯ, ಎರಡು ಕಾಗದ, ತಾಳ್ಮೆಯಿರುವ ಒಬ್ಬ ಸಹಾಯಕ. ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿಳಿದರೆ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆಯ ತಾಪಕೀರ್ ಗಲ್ಲಿ. ಸಹಾಯಕನನ್ನು ಬಿಟ್ಟು ಮಿಕ್ಕದ್ದೆಲ್ಲ ಇಲ್ಲಿ ಹುಡುಕಬಹುದು. ಗೋವಾದಲ್ಲಿರುವವರು ಕೊರಿಯರ್ ನಂಬುವುದೇ ಸಲೀಸು.

ಎರಡು ಕಡೆ ಎಚ್ಚರ. ಸ್ಪ್ಲಿಟರ್ ಕೇಳಿದರೆ ಅಂಗಡಿಯವರು ಸ್ವಿಚ್ ಕೊಡುವುದುಂಟು. ಎರಡೂ ನೋಡಲು ಒಂದೇ ಥರ. ಬೇಕಾದ್ದು ಒಂದು ಒಳಗೆ, ಎರಡು ಹೊರಗೆ. ಡಬ್ಬಿಯ ಮೇಲಿನ ಬಾಣ ನೋಡಿ ತೆಗೆದುಕೊಳ್ಳಿ. 5 ವೋಲ್ಟ್ ಪವರ್ ಬೇಡುವ ಬಗೆಯೇ ಉತ್ತಮ. ಪವರ್ ಇಲ್ಲದ್ದು ಬೆಳಕನ್ನು ಸೀಳಿ ಅರ್ಧರ್ಧ ಮಾಡುತ್ತದೆ, ಕೇಬಲ್ ಉದ್ದವಾದರೆ ಸದ್ದು ಕಡಿಯುತ್ತದೆ.

ಎರಡನೆಯದು ಮಲ್ಟಿಮೀಟರ್. ತೀರಾ ಅಗ್ಗದ ಹಳದಿ ಮೀಟರಿನ ಡಯಲ್ ನೋಡಿ: ಎಸಿ ವೋಲ್ಟೇಜಿಗೆ 200 ಮತ್ತು 750 ಎಂಬ ಎರಡೇ ಗುರುತು. 200ರ ರೇಂಜಿನಲ್ಲಿ ಒಂದು ವೋಲ್ಟ್ ಹಾಕಿದರೆ ಪರದೆಯಲ್ಲಿ '01.0' ಬರುತ್ತದೆ, ಕೊನೆಯ ಅಂಕಿ ಒಂದು ಸಲ ಜಿಗಿದರೆ ಸುಮಾರು 0.8 ಡೆಸಿಬೆಲ್ ವ್ಯತ್ಯಾಸ. ನಾವು ಹಿಡಿಯಲು ಹೊರಟದ್ದು 0.1 ಡೆಸಿಬೆಲ್. ಆ ಮೀಟರ್ ಪ್ಲಗ್ಗಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡಲು ಇರಲಿ. ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವ, ಅಂದರೆ '1.000' ಎಂದು ಮೂರು ದಶಮಾಂಶ ತೋರಿಸುವ ಮೀಟರ್ ತನ್ನಿ.

ಒಂದನೆಯ ಹೆಜ್ಜೆ: ಮೂಲದಿಂದ ಬಿಟ್‌ಗಳು ಹಾಗೇ ಬರುತ್ತಿವೆಯೇ

ಡ್ಯಾಕಿಗೆ ಪರದೆಯಿದ್ದರೆ ಕೆಲಸ ಸುಲಭ. 44.1 ಕಿಲೋಹರ್ಟ್ಸ್‌ನ ಫ್ಲ್ಯಾಕ್ ಫೈಲು (ಏನನ್ನೂ ಕಳೆಯದೆ ಕುಗ್ಗಿಸಿದ ಹಾಡು) ಹಾಕಿ. ಪರದೆಯಲ್ಲೂ 44.1 ಬಂದರೆ ಸರಿ. 48 ಎಂದು ತೋರಿಸಿದರೆ ನಡುವೆ ಯಾರೋ ಕೈಯಾಡಿಸಿದ್ದಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ: ನೋಟಿಫಿಕೇಶನ್ ಸದ್ದು, ಹಾಡು ಎಲ್ಲವನ್ನೂ ಕಲೆಸುವ ಮಿಕ್ಸರ್ ಹಾಡನ್ನೂ 48ಕ್ಕೆ ತಿರುಗಿಸುತ್ತದೆ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಥರದ ಆ್ಯಪ್ ಈ ಮಿಕ್ಸರನ್ನು ದಾಟಿ ಹೋಗುತ್ತದೆ. ವಿಂಡೋಸ್‌ನಲ್ಲಿ ಫೂಬಾರ್2000 ಎಂಬ ಪ್ಲೇಯರಿಗೆ ವಸಾಪಿ ಎಕ್ಸ್‌ಕ್ಲೂಸಿವ್ (ವಿಂಡೋಸಿನ ಮಿಕ್ಸರ್ ದಾಟುವ ಮೋಡ್) ಹಾಕಿ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು ಅಲ್ಲಿ ಯಾವ ಅಂಕಿ ಕೂತಿದೆ ನೋಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಮೂಡ್ ಅಥವಾ ವಾಲ್ಯೂಮಿಯೋ ಎಂಬ ಪ್ಲೇಯರ್ ಸಾಫ್ಟ್‌ವೇರ್ ಓಡಿಸುವವರು ಸಾಫ್ಟ್‌ವೇರ್ ವಾಲ್ಯೂಮ್ ಬಂದ್ ಮಾಡಿದರೆ ಸಾಕು.

ಬ್ಲೂಟೂತ್ ಈ ಹೋಲಿಕೆಗೆ ಬೇಡ. ಬ್ಲೂಟೂತ್‌ನಲ್ಲಿ ಹಾಡು ಕುಗ್ಗಿಸಿ ಕಳಿಸುವ ಬಗೆಗಳಲ್ಲೊಂದಾದ ಎಲ್‌ಡಿಎಸಿಯ ಗರಿಷ್ಠ ವೇಗ ಸೆಕೆಂಡಿಗೆ 990 ಕಿಲೋಬಿಟ್, ಸಿಡಿಗೆ ಬೇಕಾದ್ದು 1411. ಈಕ್ವಲೈಸರ್, ವಾಲ್ಯೂಮ್ ನಾರ್ಮಲೈಸೇಶನ್, ಕ್ರಾಸ್‌ಫೇಡ್ ಇವನ್ನೆಲ್ಲ ಆ್ಯಪಿನಲ್ಲಿ ಆಫ್ ಮಾಡಿ.

ಎರಡನೆಯ ಹೆಜ್ಜೆ: ಜೋಡಣೆ

ಸ್ಟ್ರೀಮರಿನ ಆಪ್ಟಿಕಲ್ ಔಟ್‌ನಿಂದ ಸ್ಪ್ಲಿಟರ್‌ಗೆ, ಅಲ್ಲಿಂದ ಎರಡು ಡ್ಯಾಕ್‌ಗಳಿಗೆ, ಅವುಗಳಿಂದ ಆಂಪ್‌ನ ಲೈನ್ 1 ಮತ್ತು ಲೈನ್ 2ಕ್ಕೆ. ಈಗ ಎರಡೂ ಡ್ಯಾಕ್ ಒಂದೇ ಹಾಡನ್ನು ಒಂದೇ ಹೊತ್ತಿಗೆ ನುಡಿಸುತ್ತವೆ, ಆಂಪ್ ಸೆಲೆಕ್ಟರ್ ಒತ್ತಿದರೆ ಒಂದು ಸೆಕೆಂಡಿನೊಳಗೆ ಅದರಿಂದ ಇದಕ್ಕೆ. ಧ್ವನಿಯ ಸೂಕ್ಷ್ಮಗಳನ್ನು ಕಿವಿ ಬಹಳ ಹೊತ್ತು ನೆನಪಿಟ್ಟುಕೊಳ್ಳುವುದಿಲ್ಲ. ಕೇಬಲ್ ಬದಲಿಸಲು ಎರಡು ನಿಮಿಷ ಹಿಡಿದರೆ ಹೋಲಿಸುತ್ತಿರುವುದು ನೆನಪನ್ನು ಮಾತ್ರ.

ಸದ್ದೇ ಬರದಿದ್ದರೆ ಮೊದಲು ಆಪ್ಟಿಕಲ್ ಕೇಬಲಿನ ತುದಿ ನೋಡಿ. ಅಲ್ಲಿ ಕಡಲೆಕಾಳಿನಷ್ಟು ಚಿಕ್ಕದೊಂದು ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಒತ್ತಿ ಸಾಕೆಟ್ಟಿನ ಬಾಗಿಲನ್ನೇ ಮುರಿದವರು ಕಡಿಮೆಯಿಲ್ಲ.

ಯುಎಸ್‌ಬಿ ಮಾತ್ರ ಇರುವ ಡ್ಯಾಕ್‌ಗಳಾದರೆ ಮ್ಯಾಕ್‌ನ ಆಡಿಯೋ ಮಿಡಿ ಸೆಟಪ್‌ನಲ್ಲಿ ಮಲ್ಟಿ-ಔಟ್‌ಪುಟ್ ಡಿವೈಸ್ ಕಟ್ಟಿ ಎರಡಕ್ಕೂ ಒಟ್ಟಿಗೇ ಕಳಿಸಬಹುದು.

ಡ್ಯಾಕ್‌ಗಳ ಮೆನುವಿನಲ್ಲಿ ಡಿಜಿಟಲ್ ಫಿಲ್ಟರ್ ಎಂಬುದು ಇದ್ದರೆ ಎರಡರಲ್ಲೂ ಫಾಸ್ಟ್ ಅಥವಾ ಶಾರ್ಪ್ ರೋಲ್-ಆಫ್ ಇಡಿ. ಒಂದರಲ್ಲಿ ಸ್ಲೋ ಇದ್ದರೆ ಮೇಲಿನ ಸ್ವರಗಳು ಮೊದಲೇ ಇಳಿಯತೊಡಗುತ್ತವೆ. ಆಗ ಹೋಲಿಕೆ ಎರಡು ಫಿಲ್ಟರ್‌ಗಳ ನಡುವಿನದಾಗುತ್ತದೆ.

ಮೂರನೆಯ ಹೆಜ್ಜೆ: ಮಟ್ಟ ಸರಿಹೊಂದಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಅವಸರ ಬೇಡ.

ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ಆಡಿಯೋ ಸಾಫ್ಟ್‌ವೇರ್ ತೆರೆದು ಜನರೇಟ್ ಮೆನುವಿನಲ್ಲಿ ಟೋನ್ ಆರಿಸಿ: ಸೈನ್, 200 ಹರ್ಟ್ಸ್, ಆಂಪ್ಲಿಟ್ಯೂಡ್ 0.5, ಎರಡು ನಿಮಿಷ. 44,100ರಲ್ಲಿ ಫ್ಲ್ಯಾಕ್ ಆಗಿ ಉಳಿಸಿ. 200 ಏಕೆಂದರೆ ಸಾಮಾನ್ಯ ಮೀಟರ್‌ಗಳು ಎಸಿಯನ್ನು ಸುಮಾರು 400 ಹರ್ಟ್ಸ್‌ವರೆಗೆ ಮಾತ್ರ ನಂಬಿಕೆಯಿಂದ ಅಳೆಯುತ್ತವೆ. ಒಂದು ಕಿಲೋಹರ್ಟ್ಸ್ ಹಾಕಿದರೆ ಕೆಲವು ಮೀಟರ್ ಕಡಿಮೆ ತೋರಿಸುತ್ತವೆ. 0.5 ಏಕೆಂದರೆ ಪೂರ್ಣ ಮಟ್ಟದಲ್ಲಿ 2 ವೋಲ್ಟ್ ಬಂದು ಮೀಟರಿನ 1.999ರ ಗಡಿ ದಾಟುತ್ತದೆ. ಅರ್ಧಕ್ಕೆ ಒಂದು ವೋಲ್ಟ್ ಬರುತ್ತದೆ, ಓದಲು ಹಿತ.

ಆಂಪ್ ಆಫ್ ಮಾಡಿ, ಅದರ ಕಡೆಯ ಆರ್‌ಸಿಎ ಪಿನ್ ಕಿತ್ತು ಕೆಂಪು ಪ್ರೋಬನ್ನು ನಡುವಿನ ಕಡ್ಡಿಗೆ, ಕಪ್ಪನ್ನು ಹೊರಗಿನ ಬಳೆಗೆ ಮುಟ್ಟಿಸಿ. ಟೋನ್ ನುಡಿಸಿ ಬರೆದುಕೊಳ್ಳಿ: ಮೊದಲ ಡ್ಯಾಕ್ ಎಡ, ಬಲ, ಎರಡನೆಯದು ಎಡ, ಬಲ. ಲೆಕ್ಕ ಹೀಗೆ: ದೊಡ್ಡ ವೋಲ್ಟೇಜನ್ನು ಚಿಕ್ಕದರಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ ಲಾಗ್ ಒತ್ತಿ, 20ರಿಂದ ಗುಣಿಸಿ. ಒಂದು 1.025, ಇನ್ನೊಂದು 0.960 ಬಂತೆನ್ನಿ. ಅಂತರ 0.57 ಡೆಸಿಬೆಲ್. ಎರಡರ ಡಬ್ಬಿಯ ಮೇಲೂ '2 ವೋಲ್ಟ್' ಎಂದೇ ಬರೆದಿರಬಹುದು! ಗುರಿ 0.1 ಡೆಸಿಬೆಲ್ ಒಳಗೆ, ಅಂದರೆ ಶೇಕಡಾ 1.2ರ ಒಳಗೆ. ಒಂದು 1.000 ಇದ್ದರೆ ಇನ್ನೊಂದು 0.989ರಿಂದ 1.011ರ ನಡುವೆ ಇರಬೇಕು.

ಜೋರಾಗಿರುವ ಡ್ಯಾಕ್‌ಗೆ ವಾಲ್ಯೂಮ್ ಇದ್ದರೆ ಅದನ್ನೇ ಇಳಿಸಿ. ಅರ್ಧ ಡೆಸಿಬೆಲ್ ಹೆಜ್ಜೆಯಾದರೆ ಕೆಟ್ಟ ಸಂದರ್ಭದಲ್ಲಿ 0.25 ಉಳಿಯುತ್ತದೆ, ಅಷ್ಟು ಸಾಲದು. ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್ ಹೋಗುತ್ತದೆ ಎಂಬ ಭಯ ಬೇಡ: 24 ಬಿಟ್‌ನ ಹಾದಿಯಲ್ಲಿ 16 ಬಿಟ್ ಹಾಡಿಗೆ ಕೆಳಗೆ 48 ಡೆಸಿಬೆಲ್ ಜಾಗ ಖಾಲಿ ಇದೆ. ವಾಲ್ಯೂಮೇ ಇಲ್ಲದಿದ್ದರೆ, ಅಥವಾ ಹೆಜ್ಜೆ ದೊಡ್ಡದಾದರೆ, ಜೋರಾದ ಡ್ಯಾಕ್‌ನ ಎರಡೂ ಚಾನೆಲ್‌ಗೆ ಒಂದೊಂದು 10 ಕಿಲೋಓಮ್‌ನ ಮಲ್ಟಿಟರ್ನ್ ಟ್ರಿಮ್‌ಪಾಟ್ (ಸ್ಕ್ರೂ ತಿರುಗಿಸಿ ಬದಲಿಸುವ ಪುಟ್ಟ ರೆಸಿಸ್ಟರ್) ಹಾಕಿ. ಒಂದು ತುದಿ ಡ್ಯಾಕ್‌ನ ಸಿಗ್ನಲ್, ಇನ್ನೊಂದು ತುದಿ ಗ್ರೌಂಡ್, ವೈಪರ್ ಎಂಬ ಸರಿದಾಡುವ ಪಿನ್ನಿನಿಂದ ಆಂಪ್‌ಗೆ. ಮೇಲಿನ ಸ್ಕ್ರೂ ಹತ್ತಿಪ್ಪತ್ತು ಸುತ್ತು ತಿರುಗುವುದರಿಂದ ಮಿಲಿವೋಲ್ಟ್ ಮಿಲಿವೋಲ್ಟಾಗಿ ಇಳಿಸಬಹುದು. ಟ್ರಿಮ್‌ಪಾಟ್ ಹಾಕಿದರೆ ಅಳೆಯುವಾಗ ಆಂಪ್ ಕೂಡ ಜೋಡಿಸಿರಬೇಕು, ಅದರ ಹೊರೆಯಿಂದ ವೋಲ್ಟೇಜ್ ತುಸು ಇಳಿಯುತ್ತದೆ. ಒಂದು ಆರ್‌ಸಿಎ ವೈ-ಕೇಬಲ್ ಇದ್ದರೆ ಪ್ರೋಬ್ ಹಿಡಿಯಲು ಜಾಗ ಸಿಗುತ್ತದೆ.

ಸ್ಪೀಕರ್ ಟರ್ಮಿನಲ್ಲಿನಲ್ಲಿ ಅಳೆಯುವವರೂ ಇದ್ದಾರೆ, ಅದೂ ಸರಿಯೇ. ಆದರೆ ಅಲ್ಲಿ ಪ್ರೋಬ್ ಜಾರಿ ಎರಡು ಟರ್ಮಿನಲ್ ಒಂದಕ್ಕೊಂದು ತಾಗಿದರೆ ಆಂಪ್ ಸುಟ್ಟೀತು. ಈಗಿನ ಎಷ್ಟೋ ಕ್ಲಾಸ್-ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲವೇ ಅಲ್ಲ.

ನಾಲ್ಕನೆಯ ಹೆಜ್ಜೆ: ಕಣ್ಣು ಮುಚ್ಚಿ ಕೇಳುವುದು

ಮೂರು ತುಣುಕು ಆರಿಸಿ, ಪ್ರತಿಯೊಂದೂ 20–30 ಸೆಕೆಂಡು. ಮೊದಲನೆಯದು ತಂಬೂರಿಯ ಜೊತೆ ನಿಧಾನ ಆಲಾಪ. ಪುಣೆಯವರಿಗೆ ಇದಕ್ಕೇನು ಬರ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಸಂಗೀತೋತ್ಸವ ಶುರುಮಾಡಿದ ಊರು. ತಂಬೂರಿ ಎಡೆಬಿಡದೆ ಒಂದೇ ಸಮ ನುಡಿಯುವುದರಿಂದ, ಸೆಲೆಕ್ಟರ್ ಒತ್ತಿದ ಕ್ಷಣದಲ್ಲಿ ಏನಾದರೂ ಬದಲಾದರೆ ಅದರಲ್ಲೇ ಬೇಗ ತಿಳಿಯುತ್ತದೆ. ಎರಡನೆಯದು ತೆಂಕುತಿಟ್ಟಿನ ಯಕ್ಷಗಾನದ ಏರುಪದ, ಚೆಂಡೆಯ ಜೊತೆ ಚಕ್ರತಾಳ ಇರುವಂಥದ್ದು: ಫಿಲ್ಟರಿನ ವ್ಯತ್ಯಾಸವಿದ್ದರೆ ತಾಳದ ಮಿಣುಕಿನಲ್ಲಿ ಕಾಣುತ್ತದೆ. ಮೂರನೆಯದು ಈಚಿನ ಒಂದು ಸಿನಿಮಾ ಹಾಡು, ಎಷ್ಟು ಜೋರಾಗಿ ಮಾಸ್ಟರ್ ಮಾಡಿದ್ದರೆ ಅಷ್ಟು ಒಳ್ಳೆಯದು.

ಹೊತ್ತು ಆರಿಸುವುದೂ ಮುಖ್ಯ. ಡೊಂಬಿವಲಿಯ ಸ್ಟೇಷನ್ ಹತ್ತಿರದ ಫ್ಲ್ಯಾಟಿನಲ್ಲಿ ಸಂಜೆ ಏಳಕ್ಕೆ ಕೂತರೆ ಲೋಕಲ್ ಟ್ರೇನೂ ಪಕ್ಕದ ಮನೆಯ ಕುಕ್ಕರೂ ಪಾಲುಗಾರರು. ರಾತ್ರಿ ಹತ್ತೂವರೆಯ ನಂತರ, ಫ್ಯಾನ್ ಆಫ್ ಮಾಡಿ. ಮೇ ತಿಂಗಳಲ್ಲಿ ಈ ಸಲಹೆ ಪಾಲಿಸಲು ಆಗದು, ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ.

ಮೊದಲು ಹತ್ತು ನಿಮಿಷ ಬಹಿರಂಗವಾಗಿ, ಯಾವುದು ಯಾವುದೆಂದು ತಿಳಿದೇ ಕೇಳಿ. ವ್ಯತ್ಯಾಸ ಎಲ್ಲಿದೆ ಅನಿಸುತ್ತದೋ ಅಲ್ಲಿಗೆ ಗುರುತು ಹಾಕಿಕೊಳ್ಳಿ. ಆಮೇಲೆ ಆಂಪ್‌ನ ಪರದೆಗೆ ಪೇಪರ್ ಅಂಟಿಸಿ, ಸಹಾಯಕನನ್ನು ನಿಮ್ಮ ಬೆನ್ನ ಹಿಂದೆ ಕೂರಿಸಿ. ಪ್ರತಿ ಸುತ್ತಿಗೂ ಅವನು ನಾಣ್ಯ ಚಿಮ್ಮಬೇಕು: ತಲೆ ಬಿದ್ದರೆ ಮೊದಲನೆಯದು, ಬಾಲ ಬಿದ್ದರೆ ಎರಡನೆಯದು. ನಾಣ್ಯವಿಲ್ಲದೆ ಮನಸ್ಸಿನಿಂದ ಆರಿಸಿದರೆ ಒಂದಾದ ಮೇಲೊಂದು ಬದಲಿಸುವ ಚಾಳಿ ಬರುತ್ತದೆ, ನೀವು ಅದನ್ನೇ ಊಹಿಸುತ್ತೀರಿ. ಗುಟ್ಟು ಸೋರುವ ಇನ್ನೊಂದು ದಾರಿ ರಿಲೇಯ (ಆಂಪ್ ಒಳಗಿನ ಸ್ವಿಚ್) 'ಟಕ್' ಸದ್ದು. ಲೈನ್ 1ರಿಂದ 2ಕ್ಕೆ ಹೋದರೆ ಒಂದು ಟಕ್, ಅಲ್ಲೇ ಉಳಿದರೆ ಸದ್ದೇ ಇಲ್ಲ! ಆದ್ದರಿಂದ ಪ್ರತಿ ಸುತ್ತಿನಲ್ಲೂ ಮೊದಲು ಖಾಲಿ ಇರುವ ಲೈನ್ 3ಕ್ಕೆ ಹೋಗಿ ಅಲ್ಲಿಂದ ಬೇಕಾದ್ದಕ್ಕೆ ಬರಲಿ. ಯಾವುದನ್ನು ಹಾಕಿದೆ ಎಂದು ಅವನು ಒಂದು ಕಾಗದದಲ್ಲಿ, ಯಾವುದು ಅನಿಸಿತು ಎಂದು ನೀವು ಇನ್ನೊಂದರಲ್ಲಿ ಬರೆದುಕೊಳ್ಳಿ. ಮಾತು ಬೇಡ.

ಹದಿನಾರು ಸುತ್ತು, ನಾಲ್ಕು ನಾಲ್ಕಕ್ಕೆ ಬಿಡುವು. ಹನ್ನೆರಡು ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟದಿಂದ ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ವ್ಯತ್ಯಾಸ ಇದೆ ಎಂದು ಒಪ್ಪಬಹುದು. ಎಂಟೋ ಒಂಬತ್ತೋ ಬಂದರೆ ನಾಣ್ಯವೇ ಅಷ್ಟು ಅಂಕ ತೆಗೆಯುತ್ತಿತ್ತು. ಹನ್ನೊಂದಕ್ಕೆ ನಿಂತು 'ಇನ್ನೊಂದೇ ಒಂದು ಸುತ್ತು' ಎಂದು ಮುಂದುವರಿಸುವುದು ನಿಯಮಕ್ಕೆ ಹೊರಗು. ಇನ್ನೊಂದು ದಿನ ಹೊಸದಾಗಿ ಹದಿನಾರು ಆಡಿ.

ಹನ್ನೆರಡು ದಾಟಿದರೂ ಒಮ್ಮೆ ಮತ್ತೆ ವೋಲ್ಟೇಜ್ ಅಳೆಯಿರಿ, ಫಿಲ್ಟರ್ ನೋಡಿ. ಕಾರಣ ಅಲ್ಲೇ ಸಿಗುವುದು ಹೆಚ್ಚು.

ನಿಜವಾಗಿ ಕೇಳಿಸುವ ದೋಷಗಳು

ಹಾಡು ನಿಂತಾಗಲೂ 'ಗುಂಯ್' ಎಂದರೆ ಅದು 50 ಅಥವಾ 100 ಹರ್ಟ್ಸ್ ಹಮ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಗ್ರೌಂಡ್ ಲೂಪ್ ಖಚಿತ. ಚಾರ್ಜರಿನ ಅರ್ಥಿಂಗ್, ಆಂಪ್‌ನ ಅರ್ಥಿಂಗ್, ನಡುವೆ ಯುಎಸ್‌ಬಿ ಮತ್ತು ಆರ್‌ಸಿಎ ತಂತಿ ಸೇರಿ ಒಂದು ಉಂಗುರವಾಗಿದೆ, ಅದರಲ್ಲಿ ಪುಟ್ಟ ಕರೆಂಟ್ ಹರಿಯುತ್ತಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ತೆಗೆದುಕೊಳ್ಳಿ. ಹೋಗದಿದ್ದರೆ ಯುಎಸ್‌ಬಿ ಬಿಟ್ಟು ಆಪ್ಟಿಕಲ್ ಹಾಕಿ, ಬೆಳಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಯುಎಸ್‌ಬಿಯೇ ಬೇಕೆಂದರೆ ಐಸೊಲೇಟರ್ ಸಿಗುತ್ತದೆ. ಎಡಿಯುಎಂ4160 ಚಿಪ್ಪಿನ ಅಗ್ಗದವು ಸೆಕೆಂಡಿಗೆ 12 ಮೆಗಾಬಿಟ್‌ಗೆ ಸೀಮಿತ, 24 ಬಿಟ್ 96 ಕಿಲೋಹರ್ಟ್ಸ್‌ಗಿಂತ ಮೇಲೆ ಹೋಗಲಾರವು, ಕೆಲವು ಡ್ಯಾಕ್‌ಗಳನ್ನು ಗುರುತಿಸುವುದೇ ಇಲ್ಲ. ಅರ್ಥ್ ಪಿನ್ ಕಿತ್ತು ಹಾಕುವ 'ಪರಿಹಾರ' ಯಾರು ಹೇಳಿದರೂ ಮಾಡಬೇಡಿ. ಆಂಪ್‌ನ ಲೋಹದ ಕವಚಕ್ಕೆ ಫೇಸ್ ತಾಗಿದ ದಿನ ನಿಮ್ಮನ್ನು ಉಳಿಸುವುದು ಆ ದಪ್ಪ ಪಿನ್ನೇ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಹಿಂದೆ ಅರ್ಥಿಂಗ್ ತಂತಿ ಇಲ್ಲದಿರುವುದುಂಟು. ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿ.

ಜೋರಾದ ಸಿನಿಮಾ ಹಾಡಿನಲ್ಲಿ ಮಾತ್ರ ಒಂದು ಡ್ಯಾಕ್ ಕರಕರ ಅಂದರೆ ಅದು ಇಂಟರ್‌ಸ್ಯಾಂಪಲ್ ಓವರ್. ಎರಡು ಸ್ಯಾಂಪಲ್‌ಗಳ ನಡುವಿನ ಅಲೆ ಪೂರ್ಣ ಮಟ್ಟವನ್ನು ದಾಟುತ್ತದೆ, ಡ್ಯಾಕ್‌ನ ಫಿಲ್ಟರಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ತಲೆ ಕತ್ತರಿಸುತ್ತದೆ. ಪ್ಲೇಯರಿನ ವಾಲ್ಯೂಮನ್ನು 3–4 ಡೆಸಿಬೆಲ್ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಹಾಡಿನ ಮೊದಲ ಅರ್ಧ ಸೆಕೆಂಡು ನುಂಗುವುದು ಇನ್ನೊಂದು ಕಿರಿಕಿರಿ. ಸ್ಯಾಂಪಲ್ ರೇಟ್ ಬದಲಾದಾಗ 'ಟಪ್' ಸದ್ದು ಬಾರದಿರಲೆಂದು ಡ್ಯಾಕ್ ಬಾಯಿ ಮುಚ್ಚಿಕೊಳ್ಳುತ್ತದೆ, ತೆರೆಯಲು ತಡಮಾಡುತ್ತದೆ. ಇದು ಡ್ಯಾಕ್‌ನಿಂದ ಡ್ಯಾಕ್‌ಗೆ ಬಹಳ ಬೇರೆ, ಹೋಲಿಸುವಾಗ 44.1 ಮತ್ತು 96ರ ಹಾಡುಗಳನ್ನು ಬೆನ್ನುಬೆನ್ನಿಗೆ ಹಾಕಿ ನೋಡಿ. ಆಪ್ಟಿಕಲ್‌ನಲ್ಲಿ 192 ಹಾಕಿದಾಗ ಮಾತ್ರ ಚಟಪಟ ಅಂದರೆ ಕೇಬಲ್ಲಿನ ಮಿತಿ ಅದು, 96ಕ್ಕೆ ಇಳಿಸಿ.

ಮಳೆಗಾಲದಲ್ಲಿ ಕರೆಂಟ್ ಪದೇ ಪದೇ ಹೋಗಿ ಬರುವ ಕಡೆ ಆನ್ ಆಗುವಾಗಿನ ಸದ್ದನ್ನೂ ಪರೀಕ್ಷಿಸಿ. ಆಂಪ್ ವಾಲ್ಯೂಮ್ ತೀರಾ ಕಡಿಮೆ ಇಟ್ಟು ಡ್ಯಾಕ್‌ನ ಪ್ಲಗ್ ಕಿತ್ತು ಮತ್ತೆ ಹಾಕಿ. ಸ್ಪೀಕರಿನಲ್ಲಿ 'ಧಪ್' ಎಂದರೆ ಆ ಡ್ಯಾಕ್ ನಿಮಗಲ್ಲ, ಎಷ್ಟೇ ಇಂಪಾಗಿರಲಿ. ಹಾಗೂ ಇಟ್ಟುಕೊಳ್ಳುವುದಾದರೆ ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಗುರ್ರೆನ್ನುವುದು ಸಹಜ, ಡ್ಯಾಕನ್ನು ಬೈಯಬೇಡಿ.

ಆರಿಸಿದ ಮೇಲೆ

ಕುರುಡು ಪರೀಕ್ಷೆಯಲ್ಲಿ ಎರಡೂ ಒಂದೇ ಎಂದಾದರೆ ಹಮ್ ಇಲ್ಲದ್ದು, ಧಪ್ ಅನ್ನದ್ದು, ರಿಮೋಟ್ ಇರುವುದು, ಭಾರತದಲ್ಲೇ ವಾರಂಟಿ ಇರುವುದು, ಈ ಅನುಕ್ರಮದಲ್ಲಿ ಇಟ್ಟುಕೊಳ್ಳಿ. ಇನ್ನೊಂದನ್ನು ರಿಟರ್ನ್ ಗಡುವು ಮುಗಿಯುವ ಮುನ್ನ ವಾಪಸ್ ಕಳಿಸಿ. ಉಳಿಸಿದ ದುಡ್ಡಿಗೆ ಸ್ಪೀಕರ್ ಸ್ಟ್ಯಾಂಡು, ಗೋಡೆಗೊಂದು ದಪ್ಪ ಪರದೆ ತಂದರೆ ಹನ್ನೆರಡು ಅಡಿ ಹಾಲಿನಲ್ಲಿ ಯಾವ ಡ್ಯಾಕೂ ಕೊಡದಷ್ಟು ಬದಲಾವಣೆ ಸಿಗುತ್ತದೆ. ಅದಕ್ಕೆ ಮೀಟರೂ ಬೇಡ, ನಾಣ್ಯವೂ ಬೇಡ.

ಕಡಲ ಗಾಳಿ ಬರುವ ಮನೆಯಾದರೆ ಜೂನ್ ಮೊದಲ ವಾರ ಆರ್‌ಸಿಎ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎರಡು ಮೂರು ಸಲ ತಿರುಗಿಸಿ ಹಾಕಿ. ಮಳೆ ನಿಂತ ಮೇಲೆ ಇನ್ನೊಮ್ಮೆ. ಬಳಸದೆ ಬಿಟ್ಟ ಆಪ್ಟಿಕಲ್ ಸಾಕೆಟ್ಟಿಗೆ ಅದರ ಮುಚ್ಚಳ ಹಾಕಿಡಿ. ಕೇಬಲಿನಿಂದ ತೆಗೆದ ಆ ಕಡಲೆಕಾಳಿನಂಥ ಟೋಪಿಯನ್ನೂ ಡ್ಯಾಕ್‌ನ ಡಬ್ಬಿಯಲ್ಲೇ ಎತ್ತಿಡಿ.